ಕೋಣನ ಕೊಂಬಿಗೆ ಮೊಬೈಲು

ಗಡಿಯ ಹಳ್ಳದ ಆಚೆ ಒಂದು ಮದುವೆ. ಹೋಳಿಗೆಗೆ ಬೆಲ್ಲ ಮುಟ್ಟಿಸಬೇಕಿತ್ತು. ದುಂಡಪ್ಪ ತನ್ನ ಕೋಣನ ಬೆನ್ನಿಗೆ ಬೆಲ್ಲದ ಪೆಂಟಿ ಹೇರಿ, ದಾರಿ ಹೇಳಲಿ ಅಂತ ಕೊಂಬಿಗೊಂದು ಮೊಬೈಲು ಕಟ್ಟಿ ಕಳಿಸಿದ. ಬೆಲ್ಲ ನೆನೆದರೆ ಮನೆಗೆ ಬರಬೇಡ ಅಂತಲೂ ಹೇಳಿದ.

ಹಳ್ಳದ ದಂಡೆಯಲ್ಲಿ ಮೊಬೈಲಿಗೆ ಆಚೆಯ ಟವರ್ ಸಿಕ್ಕಿತು. ಟವರ್ ಮರಾಠಿ ಸೀಮೆಯದು, ಅಂದಮೇಲೆ ತನ್ನನ್ನು ಹೊತ್ತವನೂ ಮರಾಠಿಯವನೇ ಎಂದು ಅದು ತೀರ್ಮಾನ ಮಾಡಿತು. ಆದರೂ ಖಾತ್ರಿಗಿರಲಿ ಅಂತ, ಯಾರು ನೀವು ಎಂದು ಮರಾಠಿಯಲ್ಲಿ ಕೇಳಿತು: “ಕೋಣ?”

“ಹೌದು,” ಅಂತು ಕೋಣ.

“ಕೋಣ?”

“ಹೌದಪಾ, ಕೋಣ. ಎಮ್ಮಿ ಕಂಡಂಗ ಕಾಣ್ತೀನೇನು?”

ಉತ್ತರದಲ್ಲೂ ಕೋಣ ಎಂಬ ಮಾತು ಕೇಳಿ, ಭಾಷೆ ಹೊಂದಿತು ಎಂದು ಮೊಬೈಲು ಹಿಗ್ಗಿತು. ಅಷ್ಟರಲ್ಲಿ ಮುಂದೆ ಕೆಸರಿನ ಹುದುಲು ಕಂಡು ಕೂಗಿತು: “ಖಾಲಿ, ಖಾಲಿ!”

ದಾರಿ ಖಾಲಿ ಐತಂತ ಎಂದುಕೊಂಡು ಕೋಣ ಬೀಸುಗಾಲು ಹಾಕಿತು. ಬೆನ್ನಮಟ ಹುದುಲಿಗೆ ಇಳಿಯಿತು. ಬೆಲ್ಲವೆಲ್ಲ ಪಾನಕವಾಯಿತು. ಕೋಣ ಮೊಬೈಲಿನ ಅವ್ವನಿಂದ ಹಿಡಿದು ಮುತ್ತಜ್ಜಿಯವರೆಗೆ ಒಬ್ಬರನ್ನೂ ಬಿಡದೆ ಬೈಯಿತು.

“ಓಹೋ, ತಾವು ಕನ್ನಡದವರು. ನಮಸ್ಕಾರ,” ಅಂತು ಮೊಬೈಲು. “ಮುಂದೆ ಕೆಸರಿದೆ, ನಿಧಾನವಾಗಿ ಬನ್ನಿ.”

“ಈಗ ಹೇಳ್ತಿ?”

“ಆಗಲೇ ಹೇಳಿದೆ. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಕೆಳಗೆ ನೋಡಿ ಅಂದೆ.”

“ನನ್ನ ಭಾಷಾ ಯಾವುದಂತ ಮೊದಲ ಕೇಳೂದಲ್ಲೇನು?”

“ಬೈಯುವ ತನಕ ತಾವೂ ಹೇಳಲಿಲ್ಲ.”

ಕೋಣ ತಲೆ ಬಗ್ಗಿಸಿ ಮೊಬೈಲು ಕಟ್ಟಿದ್ದ ಕೊಂಬನ್ನು ಮೆಲ್ಲಗೆ ಕೆಸರಿಗೆ ಅದ್ದಿತು.

“ಕೆಳಗೇನೈತಿ, ನೀನ ನೋಡಿ ಹೇಳು. ಯಾವ ಭಾಷಾ ಆದ್ರೂ ನಡೀತೈತಿ.”