ಸಾವಂತ್ರಮ್ಮನಿಗೆ ಡೈನಮೊ ನೋಡಿದ್ದು

ಒಂದಾನೊಂದು ಊರಿನಲ್ಲಿ, ಊರು ಅಂದರೆ ಪೂರ್ತಿ ಊರಲ್ಲ, ಮುಕ್ಕಾಲು ಊರು. ಉಳಿದ ಕಾಲು ಊರನ್ನು ಪಕ್ಕದೂರಿನವರು ‘ನೋಡಿ ಕೊಡ್ತೀವಿ’ ಅಂತ ತೆಗೆದುಕೊಂಡು ಹೋದವರು ಇನ್ನೂ ವಾಪಸ್ಸು ಕೊಟ್ಟಿರಲಿಲ್ಲ. ಆ ಮುಕ್ಕಾಲು ಊರಿನಲ್ಲಿ ಒಬ್ಬ ರಾಜ ಇದ್ದ. ಹೂಂ ಅನ್ನಿ. ಹೂಂ ಅನ್ನದಿದ್ದರೆ ರಾಜ ಅಲ್ಲೇ ನಿಂತುಬಿಡುತ್ತಾನೆ, ಆಮೇಲೆ ನನ್ನನ್ನು ಬೈಯಬೇಡಿ.

ರಾಜನ ಹೆಸರು ನಿಗಿನಿಗಿರಾಯ. ಅವನಿಗೊಂದು ಹಳೇ ಕಾರು. ಕಾರಿನ ಹೆಸರು ಸಾವಂತ್ರಮ್ಮ. ಅವಳು ಮಾತಾಡುತ್ತಿದ್ದಳು. ಅದರಲ್ಲೇನೂ ವಿಶೇಷವಿಲ್ಲ, ಆ ಊರಿನಲ್ಲಿ ಒರಳುಕಲ್ಲೂ ಮಾತಾಡುತ್ತಿತ್ತು, ಬೇಡ ಅಂದರೂ ಮಾತಾಡುತ್ತಿತ್ತು. ಸಾವಂತ್ರಮ್ಮನನ್ನು ಓಡಿಸುವವನು ಚೌಡಪ್ಪ. ಮೂವತ್ತೆರಡು ವರ್ಷದಿಂದ ಓಡಿಸುತ್ತಿದ್ದ. ಅವಳನ್ನು ‘ಅಕ್ಕ’ ಅಂತಲೇ ಕರೆಯುತ್ತಿದ್ದ.

ರಾಜನಿಗೊಂದು ಚಟ. ನಡುಹಗಲಲ್ಲೂ ಕಾರಿನ ಎರಡೂ ದೀಪ ಉರಿಯಬೇಕು. “ಸೂರ್ಯ ಒಬ್ನೇ ಬೆಳಕು ಕೊಟ್ರೆ ಜನ ಅವನನ್ನೇ ರಾಜ ಅಂದ್ಕೋತಾರೆ” ಅನ್ನುತ್ತಿದ್ದ. ಹೀಗೆ ಉರಿದು ಉರಿದು ಒಂದು ದಿನ ಸಾವಂತ್ರಮ್ಮನ ಡೈನಮೊ ಸುಟ್ಟುಹೋಯಿತು. ಡೈನಮೊ ಅಂದರೆ ಇಂಜಿನ್ನಿನ ಪಕ್ಕ ಕೂತು ಗಿರಗಿರ ತಿರುಗಿ ಬ್ಯಾಟರಿಗೆ ಕರೆಂಟು ಉಣ್ಣಿಸುವ ಸಾಮಾನು. ಓದಿದವರು ಆಲ್ಟರ್ನೇಟರ್ ಅನ್ನುತ್ತಾರೆ. ಓದಿದವರ ಕಾರೂ ನಿಲ್ಲುತ್ತದೆ ಬಿಡಿ.

ಕಾರು ನಿಂತಿತು. ದೀಪ ಆರಿತು. ಸೂರ್ಯ ಒಬ್ಬನೇ ಉಳಿದ.

ರಾಜ ಕೆಂಡವಾದ. “ಹಳೇದು ಕೆಟ್ರೆ ಗುಜರಿಗೆ! ಇವತ್ತಿಂದ ಇದೇ ಕಾನೂನು. ಸಂತೆ ದಿನದೊಳಗೆ ದೀಪ ಉರೀದಿದ್ರೆ ಕಾರು ತೂಕಕ್ಕೆ ಹೋಗ್ಲಿ” ಅಂದ.

ಚೌಡಪ್ಪ, “ಅಕ್ಕನ್ನ ತಕ್ಕಡೀಲಿ ಇಡ್ತಾರಾ?” ಅಂತ ಅತ್ತೇಬಿಟ್ಟ. ಇಲ್ಲಿ ನಾನೂ ಸ್ವಲ್ಪ ಅಳುತ್ತೇನೆ. ಹೂಂ ಅನ್ನಿ.

ಅಳುತ್ತಲೇ ದಸ್ತಗೀರ್ ಸಾಬರ ಅಂಗಡಿಗೆ ಓಡಿದ. ಊರಿನ ಎಲ್ಲ ಗಾಡಿಗಳ ವೈರು, ದೀಪ, ಡೈನಮೊ ನೋಡುವವರು ಅವರೇ.

“ಎರಡು ಇದಾವೆ ಚೌಡಪ್ಪ” ಅಂದರು ಸಾಬರು. “ಒಂದು ಹೊಸದು, ಡಬ್ಬಿ ಒಡೆದಿಲ್ಲ. ಇನ್ನೊಂದು ಹಳೇದೇ, ಬಿಚ್ಚಿ, ಕಾಯಿಲ್ ಸುತ್ತಿ, ಬೇರಿಂಗ್ ಹಾಕಿ, ಬಣ್ಣ ಹೊಡೆದು ರೆಡಿ ಮಾಡಿರೋದು. ಯಾವ್ದು ಕೊಡ್ಲಿ?”

“ನನ್ನ ಕೇಳಿದ್ರೆ? ಜೊತೇಲಿ ಬಾಳೋಳು ಅಕ್ಕ. ಅವಳೇ ನೋಡ್ಲಿ.”

ಹಾಗಾಗಿ ಗಂಡು ನೋಡುವ ಶಾಸ್ತ್ರ ಇಟ್ಟುಕೊಂಡರು. ಅರಮನೆಯ ಅಂಗಳದಲ್ಲಿ ಜಮಖಾನ ಹಾಸಿದರು. ಸಾವಂತ್ರಮ್ಮನಿಗೆ ಮಲ್ಲಿಗೆ ಮುಡಿಸಿದರು, ವೈಪರಿಗೆ. ಉಪ್ಪಿಟ್ಟು, ಕೇಸರಿಬಾತು ಮಾಡಿದರು. ಡೈನಮೊಗಳು ತಿನ್ನುವುದಿಲ್ಲ, ನಿಜ. ಆದರೆ ಉಪ್ಪಿಟ್ಟಿಲ್ಲದೆ ಸಂಬಂಧ ನೋಡುವುದುಂಟೇ? ಅವುಗಳ ಪಾಲನ್ನೂ ರಾಜನೇ ತಿಂದ.

ಮೊದಲು ಹೊಸ ಡೈನಮೊ ಬಂತು. ಫಳಫಳ ಹೊಳೆಯುತ್ತಿತ್ತು.

“ಯಾವೂರು ನಿಮ್ದು?” ಅಂದಳು ಸಾವಂತ್ರಮ್ಮ.

“ಡಬ್ಬಿ.”

“ಅದಕ್ಕೂ ಮುಂಚೆ?”

“ಡಬ್ಬೀನೇ.”

“ಏನಾದ್ರೂ ಷರತ್ತು ಉಂಟಾ?”

“ಒಂದೇ ಒಂದು. ನಾನು ಹೊಸಬ. ಹಳೇ ಬೆಲ್ಟಿನ ಜೊತೆ ತಿರುಗಲ್ಲ.”

ಹೊಸ ಬೆಲ್ಟನ್ನು ಕರೆಸಿದರು. ಬೆಲ್ಟು, “ನಾನು ಹೊಸಬಳು, ಹಳೇ ಇಂಜಿನ್ನಿಗೆ ಸುತ್ತಿಕೊಳ್ಳಲ್ಲ” ಅಂದಿತು. ಹೊಸ ಇಂಜಿನ್ನನ್ನು ಕರೆಸಿದರು. ಇಂಜಿನ್ನು, “ನಾನು ಹೊಸಬ, ಹಳೇ ರಸ್ತೇಲಿ ಓಡಲ್ಲ” ಅಂದಿತು. ಹೊಸ ರಸ್ತೆಯನ್ನು ಸುರುಳಿ ಸುತ್ತಿ ತಂದರು. ರಸ್ತೆ ಮಗ್ಗುಲಾಗಿ ಮಲಗಿ, “ನಾನು ಹೊಸಬಳು, ಹಳೇ ರಾಜ ನನ್ನ ಮೇಲೆ ಹೋಗೋ ಹಾಗಿಲ್ಲ” ಅಂದಿತು.

ಎಲ್ಲರೂ ರಾಜನ ಕಡೆ ತಿರುಗಿದರು. ರಾಜನ ಬಾಯಲ್ಲಿ ಕೇಸರಿಬಾತು ಹಾಗೇ ನಿಂತಿತು.

ಸಾಬರು ಕೆಮ್ಮಿದರು. “ಹೊಸ ರಾಜ ಹುಡುಕಿದ್ರೆ ಸಿಕ್ತಾನೆ ಬುದ್ಧಿ. ಆದ್ರೆ ನಮ್ಮಲ್ಲೊಂದು ಪದ್ಧತಿ. ಹೊಸದು ತಗೊಂಡು ಹೋಗೋರು ಹಳೇದನ್ನ ಅಂಗಡೀಲಿ ಬಿಟ್ಟು ಹೋಗ್ಬೇಕು.”

“ಎರಡನೇದನ್ನ ಕರೀರಿ!” ಅಂತ ಕಿರುಚಿದ ರಾಜ.

ರೆಡಿ ಮಾಡಿದ ಡೈನಮೊ ಬಂತು. ಮೈಗೆ ಹೊಸ ಬಣ್ಣ, ದನಿ ಮಾತ್ರ ಒರಟು.

“ಯಾವೂರು ನಿಮ್ದು?”

“ಯಾವೂರಲ್ಲ ಅಂತ ಕೇಳಮ್ಮ. ನಾನು ಟೂರಿಂಗ್ ಟಾಕೀಸಿನ, ಅದೇ ಊರೂರು ತಿರುಗೋ ಟೆಂಟು ಸಿನಿಮಾದ, ಪ್ರಚಾರದ ಜೀಪಲ್ಲಿದ್ದೆ.”

“ಷರತ್ತು?”

“ಏನಿಲ್ಲ. ಒಂದು ಅಭ್ಯಾಸ ಐತೆ. ಸರ್ಕಲ್ ಬಂದ್ರೆ ನಿಂತ್ಕೋತೀನಿ. ಹಿಂದಿನ ಸೀಟಿನೋರು ‘ಇಂದೇ ಕೊನೆಯ ಆಟ! ಮರೆಯದಿರಿ, ಮರೆತು ನಿರಾಶರಾಗದಿರಿ!’ ಅಂತ ಕೂಗಿದ ಮೇಲೇ ಮುಂದಕ್ಕೆ.”

ಸಾವಂತ್ರಮ್ಮ ನಾಚಿಕೊಂಡು ಹಾರ್ನ್ ಮಾಡಿದಳು. “ಡಬ್ಬಿಯಿಂದ ಎದ್ದು ಬಂದೋನಿಗಿಂತ ಇವರೇ ವಾಸಿ” ಅಂದಳು.

ಕೂರಿಸಿದರು. ನಾಲ್ಕು ಬೋಲ್ಟು ಬಿಗಿದರು. ದೀಪ ಝಗ್ಗನೆ ಹೊತ್ತಿತು. ಚೌಡಪ್ಪ ಕುಣಿದ. ರಾಜ ಹಿಂದಿನ ಸೀಟಿನಲ್ಲಿ ಗತ್ತಿನಿಂದ ಕೂತ. ಸಂತೆ ದಿನ ಸವಾರಿ ಹೊರಟಿತು.

ಮೊದಲನೇ ಸರ್ಕಲ್ಲಿನಲ್ಲಿ ಕಾರು ನಿಂತಿತು. ರಾಜ ಮೀಸೆ ತಿರುವಿ ಕೂಗಿದ: “ಇಂದೇ ಕೊನೆಯ ಆಟ!”

ಜನ ಒಬ್ಬರ ಮುಖ ಒಬ್ಬರು ನೋಡಿದರು. “ರಾಜನ ಆಟ ಇವತ್ತಿಗೆ ಮುಗೀತಂತೆ ಕಣ್ರೋ!” ಹೂವಿನ ಗೌರಜ್ಜಿ ಓಡಿಬಂದು ಸೇವಂತಿಗೆ ಹಾರ ಹಾಕಿದಳು. “ಹೋಗಿ ಬನ್ನಿ ಬುದ್ಧಿ. ನಿಧಾನಕ್ಕೆ ಬನ್ನಿ. ಬರದಿದ್ರೂ ಚಿಂತೆಯಿಲ್ಲ” ಅಂದಳು.

ಎರಡನೇ ಸರ್ಕಲ್. “ಇಂದೇ ಕೊನೆಯ ಆಟ!” ಜನ ಸಕ್ಕರೆ ಹಂಚಿದರು. ರಾಜನಿಗೂ ಒಂದು ಚಿಟಿಕೆ ಕೊಟ್ಟರು.

ಮೂರನೇ ಸರ್ಕಲ್. “ಇಂದೇ ಕೊನೆಯ...” ಅನ್ನುವುದರೊಳಗೆ ತಮಟೆ ಶುರುವಾಯಿತು.

ನಾಲ್ಕನೇ ಸರ್ಕಲ್ಲಿನಲ್ಲಿ ರಾಜ ಕೂಗಲಿಲ್ಲ. ಕಾರು ನಿಂತೇ ಇತ್ತು. ಮೀಸೆ ಇಳಿದಿತ್ತು.

“ಚೌಡಪ್ಪ, ಒಬ್ರಾದ್ರೂ ಅಳ್ಲಿಲ್ವಲ್ಲೋ. ನಾನು ಕೆಟ್ಟೋಗಿದೀನೇನೋ?”

ಚೌಡಪ್ಪ ಸುಳ್ಳು ಹೇಳುವವನಲ್ಲ. “ಹೂಂ ಬುದ್ಧಿ” ಅಂದ.

“ಹಂಗಾದ್ರೆ ನಾನೂ ಗುಜರಿಗೇನೋ?”

ಚೌಡಪ್ಪ ಕಾರಿನಿಂದಿಳಿದ. ರಾಜನನ್ನೂ ಇಳಿಸಿಕೊಂಡು, ಅವನ ಸುತ್ತ ಒಂದು ಸುತ್ತು ಬಂದ. ಬೆನ್ನು ತಟ್ಟಿ ನೋಡಿದ. ಎದೆಗೆ ಕಿವಿಯಿಟ್ಟ. “ಬಾಡಿ ಗಟ್ಟಿ ಐತೆ ಬುದ್ಧಿ. ಗುಜರಿಗೆ ಯಾಕೆ? ಸಾಬರ ಹತ್ರ ಒಂದ್ಸಲ ಬಿಚ್ಚಿ ನೋಡೋಣ” ಅಂದ.

ರಾಜ ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡು, ನಡೆದೇ ಅಂಗಡಿಗೆ ಹೋಗಿ, ತಾನೇ ಬೆಂಚಿನ ಮೇಲೆ ಮಲಗಿದ. ಹೂಂ ಅನ್ನಿ, ಇಲ್ಲಿ ಜೋರಾಗಿ ಅನ್ನಿ. ಸಾಬರು ಕನ್ನಡಕ ಏರಿಸಿ, ನಾಲ್ಕು ಗುಂಡಿ ಬಿಚ್ಚಿ, ಒಳಗೆ ಇಣುಕಿದರು. ತುಂಬಾ ಹೊತ್ತು ನೋಡಿದರು.

“ಏನೂ ಸುಟ್ಟಿಲ್ಲ ಬುದ್ಧಿ” ಅಂದರು. “ಸವೆದೂ ಇಲ್ಲ. ಇಷ್ಟು ವರ್ಷ ಕನೆಕ್ಷನ್ನೇ ಕೊಟ್ಟಿಲ್ಲ.”

ಎರಡು ವೈರು ಸೇರಿಸಿ, ಟೇಪು ಸುತ್ತಿ, ಗುಂಡಿ ಹಾಕಿದರು. ರಾಜ ಎದ್ದು ಕೂತ. “ಆ ಕಾನೂನನ್ನ ಗುಜರಿಗೆ ಹಾಕಿ” ಅಂದ. ಆಮೇಲೆ ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಚೌಡಪ್ಪನ ಮುಖ ನೋಡಿ ಕೇಳಿದ: “ಊಟ ಆಯ್ತೇನಪ್ಪ?”

ಚೌಡಪ್ಪ “ಇಲ್ಲ ಬುದ್ಧಿ” ಅಂದ. ಅವರಿಬ್ಬರೂ ಊಟಕ್ಕೆ ಕೂತರು, ನಾನು ಎದ್ದು ಬಂದೆ. ಈ ಕತೆಗೆ ನೀತಿ ಕೇಳಿದವರು ಪಾತ್ರೆ ತೊಳೆಯಬೇಕು.