ಬಚ್ಚಲುಮನೆಯ ಬಾಗಿಲು

ಗುರು ಅಂದ ಕೂಡಲೇ ಗಡ್ಡ, ಕಾವಿ, ಹುಲಿಚರ್ಮ ಅಂತ ಹೋಗಬೇಡಿ. ಮುರಿಗೆಪ್ಪ ಮೇಷ್ಟ್ರು ಗಡ್ಡ ದಿನಾ ಬೋಳಿಸುತ್ತಿದ್ದರು, ಊಟವಾದ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ಅವರು ಕಲಿಸುತ್ತಿದ್ದುದು ಮನೆಯ ನಕ್ಷೆ ಬರೆಯುವುದನ್ನು, ಅದೂ ಕಂಪ್ಯೂಟರಿನಲ್ಲಿ.

ಹೊಳೆ ದಂಡೆಯ ಒಂದು ಮಠ. ಅದರ ಹಿಂದಿನ ಹಳೇ ಉಗ್ರಾಣದಲ್ಲಿ ಮೂರು ಕಂಪ್ಯೂಟರ್. ಗುರುಕುಲ ಅಂದರೆ ಅಷ್ಟೇ.

ಮೂವತ್ತೈದು ವರ್ಷ ಹಲಗೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದ ಕೈ ಅದು. ಅರವತ್ತು ದಾಟಿದ ಮೇಲೆ ಮೌಸ್ ಹಿಡಿಯಿತು.

ಯಾರೇ ಕಲಿಯಲು ಬರಲಿ, ಮೊದಲ ದಿನ ಬಾಗಿಲು ಬರೆಸುತ್ತಿದ್ದರು. ನಕ್ಷೆಯಲ್ಲಿ ಬಾಗಿಲು ಅಂದರೇನು ಮಹಾ? ಒಂದು ನೇರ ಗೆರೆ. ಅದು ತೆರೆದುಕೊಳ್ಳುವ ಕಡೆಗೆ ಒಂದು ಬಾಗಿದ ಗೆರೆ.

ಬರೆದಾದ ಮೇಲೆ ಕೇಳುತ್ತಿದ್ದರು, “ಯಾವ ಕಡೆ ತೆರೀತೈತೆ?”

ದಿನಾ ಇದೇ ಪ್ರಶ್ನೆ. ಶಿಷ್ಯರು ಬೆನ್ನ ಹಿಂದೆ ‘ಬಾಗಿಲು ಮೇಷ್ಟ್ರು’ ಅಂತ ಹೆಸರಿಟ್ಟು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನೇತ್ರಾವತಿ.

ನೇತ್ರಾವತಿಯ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಾಲ್ಕೇ ತಿಂಗಳಲ್ಲಿ ಪರದೆಯ ಮೇಲೆ ಗೋಡೆ ಎಬ್ಬಿಸಿ, ಸೂರು ಹೊದಿಸಿ, ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬೀಳುತ್ತದೆಂದು ತೋರಿಸುವಷ್ಟು ಕಲಿತಳು.

ಆಗ ಮಠದವರು ದಿಕ್ಕಿಲ್ಲದ ಮುದುಕಿಯರಿಗೆ ಒಂದು ಮನೆ ಕಟ್ಟಿಸಲು ಹೊರಟಿದ್ದರು. ಆರು ಕೋಣೆ, ಕೋಣೆಗೊಂದು ಬಚ್ಚಲು. ಮೇಷ್ಟ್ರು ಆ ನಕ್ಷೆಯನ್ನು ನೇತ್ರಾವತಿಗೆ ವಹಿಸಿದರು.

ಅವಳ ಕೈಯಿಂದ ನಿಜವಾಗಿ ಏಳುವ ಮೊದಲ ಮನೆ ಅದು. ಮೇಷ್ಟ್ರ ಸಹಿ ಬಿದ್ದರೆ ಕೆಲಸ ಶುರು. ಆ ಸಹಿ ನೋಡಿದರೆ ಪೇಟೆಯ ಒಬ್ಬ ಇಂಜಿನಿಯರು ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವೆ ಅಂದಿದ್ದರು. ಅವಳಿಗೆ ನಿದ್ದೆಯಲ್ಲೂ ಆ ಸಹಿಯದೇ ಧ್ಯಾನ.

ಒಂದು ವಾರಕ್ಕೆ ಮುಗಿಸಿದಳು. ಪರದೆಯ ಮೇಲೆ ಮನೆಯನ್ನು ಸುತ್ತ ತಿರುಗಿಸಿ ತೋರಿಸಿದಳು. ಜಗಲಿ, ತುಳಸಿಕಟ್ಟೆ, ಹೊಳೆಯ ಕಡೆಗೆ ಕಿಟಕಿ.

ಮೇಷ್ಟ್ರು ಯಾವುದನ್ನೂ ನೋಡಲಿಲ್ಲ. ಬಚ್ಚಲಿನ ಮೇಲೆ ಬೆರಳಿಟ್ಟರು.

“ಯಾವ ಕಡೆ ತೆರೀತೈತೆ?”

“ಒಳಗೆ, ಸರ್.”

“ಯಾಕೆ?”

“ಎಲ್ಲಾ ಬಾಗಿಲೂ ಒಳಗೇ ಅಲ್ವಾ ಸರ್? ಹೊರಗೆ ತೆಗೆದರೆ ಓಡಾಡೋರಿಗೆ ಬಡೀತೈತೆ. ಒಂದು ಬರೆದು ಆರು ಕಡೆ ಕಾಪಿ ಮಾಡಿದೀನಿ.”

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ಮೂರು ದಿನ ಬಿಟ್ಟು ಮತ್ತೆ ತಂದಳು. ಕಿಟಕಿ ದೊಡ್ಡದು ಮಾಡಿದ್ದಳು, ಜಗಲಿಗೆ ಎರಡು ಕಂಬ ಕೊಟ್ಟಿದ್ದಳು.

“ಯಾವ ಕಡೆ ತೆರೀತೈತೆ?”

ನೇತ್ರಾವತಿಗೆ ರೇಗಿತು. ರೇಗದೆ ಇರುತ್ತದೆಯೇ?

“ಅಯ್ಯೋ ಸರ್, ಇಷ್ಟು ದೊಡ್ಡ ಮನೇಲಿ ನಿಮಗೆ ಬಚ್ಚಲ ಬಾಗಿಲೊಂದೇ ಕಾಣೋದಾ? ಒಂದು ಕ್ಲಿಕ್ ಮಾಡಿದ್ರೆ ಆ ಕಡೆ ತಿರುಗ್ತೈತೆ. ಅದಕ್ಕೆ ಇಷ್ಟೊಂದು ರಾಮಾಯಣ ಯಾಕೆ?”

“ಒಂದೇ ಕ್ಲಿಕ್ಕಾ?”

“ಒಂದೇ.”

“ತಿರುಗಿಸು, ನೋಡೋಣ.”

ತಿರುಗಿಸಿದಳು. ಬಾಗಿದ ಗೆರೆ ಬಚ್ಚಲಿನಿಂದ ಹೊರಗೆ ಬಂತು.

“ಮತ್ತೆ ಒಳಗೆ ಹಾಕು.”

ಹಾಕಿದಳು.

“ಇನ್ನೊಂದು ಸಲ ಹೊರಗೆ.”

ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಐದಾರು ಸಲ ಆಯಿತು. ಹೊರಗೆ, ಒಳಗೆ, ಹೊರಗೆ. ತಿರುಗಿ ನೋಡಿದರೆ ಮೇಷ್ಟ್ರ ಕಣ್ಣಲ್ಲಿ ನೀರು.

“ಹೂವೆತ್ತಿದಷ್ಟು ಸಲೀಸು,” ಅಂದರು. ಚಪ್ಪಲಿ ಮೆಟ್ಟಿ ಹೊರಟೇಹೋದರು.

ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ನೇತ್ರಾವತಿಗೆ ಒಂದು ಕಡೆ ಸಿಟ್ಟು, ಒಂದು ಕಡೆ ಅಳುಕು. ನಕ್ಷೆ ಸುರುಳಿ ಸುತ್ತಿಕೊಂಡು ಅವರ ಮನೆಗೇ ಹೋದಳು.

ಚಿಕ್ಕ ಮನೆ, ಮೇಷ್ಟ್ರೇ ನಕ್ಷೆ ಬರೆದು ಕಟ್ಟಿಸಿದ್ದು. ಒಬ್ಬರೇ ಇದ್ದರು.

“ಬಾರವ್ವ. ಬಿಸಿಲಲ್ಲಿ ಬಂದಿದೀಯ, ಕೈಕಾಲು ತೊಳ್ಕೊ.”

ಬಚ್ಚಲಿಗೆ ಹೋದಳು. ಅಲ್ಲಿ ಬಾಗಿಲೇ ಇರಲಿಲ್ಲ. ಹಳೇ ಇಳಕಲ್ ಸೀರೆಯೊಂದನ್ನು ಪರದೆಯಾಗಿ ಇಳಿಬಿಟ್ಟಿದ್ದರು. ಚೌಕಟ್ಟಿನ ಒಳಮಗ್ಗುಲಲ್ಲಿ ಕೀಲುಗಳು ಹಾಗೇ ತುಕ್ಕು ಹಿಡಿದು ನಿಂತಿದ್ದವು. ಮರ ಅಲ್ಲಲ್ಲಿ ಸೀಳಿತ್ತು, ಹಾರೆ ಹಾಕಿ ಮೀಟಿದ ಗಾಯ.

ಕೈ ತೊಳೆಯದೆ ಹಿಂದಕ್ಕೆ ಬಂದಳು.

“ಸರ್, ಬಾಗಿಲು?”

ಮೇಷ್ಟ್ರು ಕಪಾಟಿನಿಂದ ಒಂದು ಹಳೇ ನಕ್ಷೆ ತೆಗೆದು ಅವಳ ಮುಂದೆ ಬಿಡಿಸಿದರು. ಇದೇ ಮನೆಯದು. ಎಂಥ ಗೆರೆಗಳು! ಕೂದಲೆಳೆಯಷ್ಟು ಸಣ್ಣ, ಎಲ್ಲೂ ನಡುಗಿಲ್ಲ. ಬಚ್ಚಲಿನ ಬಾಗಿಲು ಒಳಗಡೆಗೆ ಬಾಗಿತ್ತು.

“ನಮ್ಮನೆಯವಳು ಹಾಲಮ್ಮ ಒಳಗೆ ಬಿದ್ದಳು,” ಅಂದರು ಮೇಷ್ಟ್ರು. “ಎಂಟು ವರ್ಷ ಆತು. ಬಾಗಿಲಿಗೇ ಬೆನ್ನು ಕೊಟ್ಟು ಬಿದ್ದಿದ್ದಳು. ಚಿಲಕ ಹಾಕಿರಲಿಲ್ಲ. ನೂಕಿದರೆ ನಾಲ್ಕು ಬೆರಳು ಸಂದಿ, ಅಷ್ಟೇ. ನೂಕಿದಷ್ಟೂ ಅವಳಿಗೇ ಒತ್ತುತಿತ್ತು. ‘ನೂಕಬ್ಯಾಡ್ರಿ, ನೋಯ್ತೈತೆ’ ಅಂದಳು.”

ನೇತ್ರಾವತಿ ನಕ್ಷೆಯ ಆ ಬಾಗಿದ ಗೆರೆಯ ಮೇಲೆ ಬೆರಳಿಟ್ಟಳು.

“ಹಾರೆ ತರೋಕೆ ಪಕ್ಕದ ಮನೆಯವರು ಓಡಿದರು. ಅವರು ಬರೋ ತನಕ ನಾನು ಮತ್ತೆ ನೂಕಲಿಲ್ಲ. ಹೊರಗೆ ಕೂತು ಮಾತಾಡಿಸ್ತಾ ಇದ್ದೆ. ಒಂದಷ್ಟು ಹೊತ್ತು ಹ್ಞೂಂ ಅಂತಿದ್ದಳು. ಆಮೇಲೆ ಅನ್ನಲಿಲ್ಲ.”

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ನೇತ್ರಾವತಿ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು. ಮೇಷ್ಟ್ರು ಸಮಾಧಾನ ಮಾಡಲಿಲ್ಲ. ಅವರಿಗೇ ಇರಲಿಲ್ಲ, ಎಲ್ಲಿಂದ ಕೊಟ್ಟಾರು?

ಉಗ್ರಾಣಕ್ಕೆ ವಾಪಸ್ಸು ಬಂದವಳು ಆರು ಬಾಗಿಲನ್ನೂ ಅಳಿಸಿದಳು. ಕ್ಲಿಕ್ ಮಾಡಿ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಒಂದೊಂದನ್ನೂ ಮೊದಲಿನಿಂದ ಬರೆದಳು. ಎರಡನೇ ಕೋಣೆಯಲ್ಲಿ ಬಾಗಿಲು ಮಂಚಕ್ಕೆ ಬಡಿಯುತ್ತಿತ್ತು, ಮಂಚದ ಜಾಗ ಬದಲಿಸಿದಳು. ಐದನೆಯದರಲ್ಲಿ ಬಾಗಿಲು ತೆರೆದರೆ ನಡೆದಾಡಲು ಜಾಗ ಉಳಿಯುತ್ತಿರಲಿಲ್ಲ, ಗೋಡೆಯನ್ನೇ ಒಂದಡಿ ಆಚೆ ಸರಿಸಿದಳು. ಅದನ್ನು ಸರಿಸಿದ್ದಕ್ಕೆ ಕಿಟಕಿ ಕೆಟ್ಟಿತು. ಕಿಟಕಿ ಸರಿ ಮಾಡುವಷ್ಟರಲ್ಲಿ ಜಗಲಿ ಗಿಡ್ಡವಾಯಿತು. ಅವಳು ಅಷ್ಟು ಇಷ್ಟಪಟ್ಟು ಬರೆದ ಎರಡು ಕಂಬಗಳು ಹೋದವು.

ನಾಲ್ಕು ದಿನ ಹಿಡಿಯಿತು. ಒಂದು ಕ್ಲಿಕ್ಕಿನ ಕೆಲಸ!

ಐದನೇ ದಿನ ಮೇಷ್ಟ್ರು ಬಂದರು. ನಕ್ಷೆ ಮೇಜಿನ ಮೇಲೆ ಹರಡಿತ್ತು. ಅವರು ಬೆರಳಿಡುವ ಮೊದಲೇ ನೇತ್ರಾವತಿ ಹೇಳಿದಳು.

“ಆರೂ ಹೊರಗೆ ತೆರೀತಾವೆ, ಸರ್.”

ಮೇಷ್ಟ್ರು ಒಂದೊಂದು ಬಾಗಿಲಿನ ಗೆರೆಯನ್ನೂ ಉಗುರಿನಿಂದ ಸವರಿ ನೋಡಿದರು. ಬಹಳ ಹೊತ್ತು ನೋಡಿದರು. ಪೆನ್ನು ತೆಗೆದು ಸಹಿ ಹಾಕಿದರು.

ಅಷ್ಟು ದಿನ ಬಯಸಿದ ಸಹಿ. ನೇತ್ರಾವತಿಗೆ ಅದನ್ನು ನೋಡಿ ಖುಷಿಯಾಗಲಿಲ್ಲ.

“ಸರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ್ರಿ. ಆ ನಕ್ಷೆ ಬರೆಯೋವಾಗ ನಿಮ್ಮನ್ನ ಯಾರೂ ಕೇಳಲಿಲ್ವಾ? ನೀವು ನಮ್ಮನ್ನ ಕೇಳಿದ ಹಾಗೆ, ಯಾವ ಕಡೆ ತೆರೀತೈತೆ ಅಂತ?”

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

“ಕೇಳಿದಳವ್ವ. ಚಾ ತಂದಿಟ್ಟು, ಹಲಗೆ ಮೇಲೆ ಬಗ್ಗಿ ನೋಡಿ ಕೇಳಿದಳು. ನಾನು ತಲೆ ಎತ್ತಲಿಲ್ಲ.”