ಇಳಿಸಬೇಕಾದ ಹಾರ

"ಕೇಳಿರಿ, ಹೊನ್ನಳಿ ನಾಡಿನವರೆಲ್ಲ ಕೇಳಿರಿ. ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಆಕೆಯ ಕೈಯೂ, ಕೀಲುಗೊಂಬೆ ಆಟದ ನ್ಯಾಯಪೀಠವೂ ಸಲ್ಲುವುವು. ಒಂದು ತಪ್ಪಿದರೂ ಅವನು ಗಡಿಪಾರು, ಹುಟ್ಟಿದೂರಿಗೆ ಮತ್ತೆ ಕಾಲಿಡುವಂತಿಲ್ಲ."

ಹೀಗೆಂದು ಡಂಗುರ ಹೊಡೆಸಲು ಕಾರಣವಿತ್ತು. ವರ್ಷವರ್ಷವೂ ಗುರುಕುಲಗಳ ವಿದ್ಯಾರ್ಥಿಗಳು ತಾವೇ ಮಾಡಿದ ಕೀಲುಗೊಂಬೆಗಳನ್ನು ಅರಮನೆಯ ಅಂಗಳಕ್ಕೆ ತರುತ್ತಿದ್ದರು. ಹೊತ್ತು ಅಳೆಯುವ ಗಳಿಗೆಬಟ್ಟಲು ನೀರಿನಲ್ಲಿ ಮುಳುಗುವಷ್ಟರಲ್ಲಿ ಯಾರ ಬೊಂಬೆ ಹೆಚ್ಚು ಚೆಂಡುಗಳನ್ನು ಬುಟ್ಟಿಗೆ ಹಾಕುವುದೋ ಅವರಿಗೆ ಗೆಲುವು. ನಡುವೆ ಬೊಂಬೆ ನಿಂತುಬಿಟ್ಟರೆ ಸೋತವರು ಮತ್ತೆ ಆಡಿಸಿ ಎನ್ನುವರು, ಗೆದ್ದವರು ಕೂಡದು ಎನ್ನುವರು. ಆ ವರ್ಷ ಜಗಳ ಕೈಕೈ ಮಿಲಾಯಿಸುವ ತನಕ ಹೋಗಿ, ಅರಸನಿಗೆ ಸಾಕಾಗಿತ್ತು.

ಮೊದಲು ಬಂದವನು ದಂಡನಾಯಕನ ಮಗ. ಪದುಮಲೆ ಕೇಳಿದಳು: "ಎರಡು ಬೊಂಬೆಗಳು ಒಂದೇ ರೀತಿ ನಿಂತವು. ಒಬ್ಬನಿಗೆ ಮರುಆಟ ಕೊಡುವುದು ನ್ಯಾಯ, ಇನ್ನೊಬ್ಬನಿಗೆ ಕೊಟ್ಟರೆ ಅನ್ಯಾಯ. ಏಕೆ?" ಮೊದಲನೆಯವನು ದೊಡ್ಡ ಮನೆತನದವನಿರಬೇಕು ಎಂದು ಅವನು ಹೇಳಿದ. ಸಂಜೆಯೊಳಗೆ ಗಡಿ ದಾಟಿಸಿದರು. ಆಮೇಲೆ ಬಂದ ಪಂಡಿತ ಅದನ್ನು ಬಿಡಿಸಿದ, ಎರಡನೆಯದರಲ್ಲಿ ಎಡವಿದ. ಅವನ ಪುಸ್ತಕದ ಗಾಡಿಯೂ ಗಡಿಯತ್ತ ಹೊರಟಿತು.

ಮೂರನೆಯವನು ಮಾಳಿಂಗ, ಬುಟ್ಟಿ ಹೆಣೆಯುವವರ ಮಗ, ಗುರುಕುಲದಲ್ಲಿ ಓದುತ್ತಿದ್ದವನು. ಬಿದಿರಿನಲ್ಲೇ ಬೊಂಬೆ ಮಾಡಿ ಆ ವರ್ಷದ ಆಟವನ್ನು ಗೆದ್ದಿದ್ದ; ಗೆಲುವಿನ ಹಾರ ಇನ್ನೂ ಅವನ ಕೊರಳಲ್ಲಿತ್ತು. ಮೊದಲ ಒಗಟಿಗೆ ಅವನು, ಒಬ್ಬನ ಬೊಂಬೆಯನ್ನು ಅಂಗಳದ ಮುರಿದ ಹಲಗೆ ನಿಲ್ಲಿಸಿತು, ಇನ್ನೊಬ್ಬನದು ತಾನೇ ಸಡಿಲ ಬಿಟ್ಟ ಕೀಲಿನಿಂದ ನಿಂತಿತು ಎಂದ. ತನ್ನ ಕೀಲಿಗೆ ತಾನೇ ಹೊಣೆ.

"ಅಂಗಳದ ಹಲಗೆಯೇ ಮುರಿಯಿತು, ಬೊಂಬೆ ನಿಂತಿತು. ಆದರೂ ಮರುಆಟವಿಲ್ಲ. ಏಕೆ?"

"ಬಟ್ಟಲು ಮುಳುಗುವ ಹೊತ್ತಾಗಿತ್ತು, ರಾಜಕುಮಾರಿ. ಎದುರಾಳಿ ಬಹಳ ಮುಂದಿದ್ದ. ಹಲಗೆ ಗಟ್ಟಿಯಿದ್ದರೂ ಸೋಲು ಸೋಲೇ."

ಪದುಮಲೆ ಮುಂದಕ್ಕೆ ಬಾಗಿ ಕೊನೆಯದನ್ನು ಕೇಳಿದಳು: "ಗೆದ್ದವನು ಮೋಸ ಮಾಡಿಲ್ಲ, ಸೋತವಳು ತಪ್ಪು ಮಾಡಿಲ್ಲ. ಆದರೂ ಗೆದ್ದವನ ಕೊರಳಿನ ಹಾರ ಇಳಿಯಬೇಕು. ಯಾವಾಗ?"

ಕೊನೆಯ ಆಟದಲ್ಲಿ ತನ್ನೆದುರು ಆಡಿದ ಗಾಣಿಗರ ಸಾತವ್ವನ ಬೊಂಬೆ ಮುಂದಿದ್ದಾಗಲೇ ಹಲಗೆಯ ಸಂದಿಗೆ ಸಿಕ್ಕಿಬಿದ್ದದ್ದು ಮಾಳಿಂಗನ ಕಣ್ಣಮುಂದೆ ಬಂತು. ಆ ದಿನ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು.

"ಗೆಲುವನ್ನು ಅಂಗಳವೇ ಕೊಟ್ಟಾಗ," ಎಂದು ಅವನು ಹಾರ ತೆಗೆದು ಅರಸನ ಪಾದದ ಬಳಿ ಇಟ್ಟ. "ನನಗೆ ಸಿಕ್ಕಿದ್ದು ಹಾಗೆಯೇ. ಸಾತವ್ವನನ್ನು ಕರೆಸಿ, ಮತ್ತೆ ಆಡುತ್ತೇವೆ."

ಉಪ್ಪರಿಗೆಯಿಂದ ತಾನೂ ಆ ಸಂದಿಯನ್ನು ಕಂಡಿದ್ದೆನೆಂದು ಪದುಮಲೆ ಆಗ ಹೇಳಿದಳು. ಅವನು ಮುಚ್ಚಿಟ್ಟಿದ್ದರೆ ಗಡಿಪಾರೇ ಆಗುತ್ತಿತ್ತು.

ಹಲಗೆ ಸರಿಮಾಡಿಸಿ ಆಟವಾಡಿಸಿದರು. ಸಾತವ್ವ ಗೆದ್ದಳು. ಮಾಳಿಂಗನೇ ಆಕೆಗೆ ಹಾರ ಹಾಕಿ, ನೇರ ಹೋಗಿ ನ್ಯಾಯಪೀಠದಲ್ಲಿ ಕುಳಿತ.

ಮದುವೆಗೆ ಸಾತವ್ವ ತನ್ನ ಬೊಂಬೆಯನ್ನೂ ಕರೆತಂದಳು. ಅದು ಕೀಲು ತಿರುಗಿಸಿಕೊಳ್ಳುತ್ತ ಬಂದು ವಧೂವರರ ಮೇಲೆ ಅಕ್ಷತೆ ಹಾಕಿತು. ಅದರಲ್ಲಿ ಅರ್ಧದಷ್ಟು ಅರಸನ ಕಿರೀಟದ ಮೇಲೆ ಬಿತ್ತು. ಅರಸ ಅದನ್ನು ಕೊಡವಲೂ ಇಲ್ಲ, ನಗುತ್ತ ಊಟಕ್ಕೆ ನಡೆದ.